ಕುದುರೆಮುಖದಿಂದ ಕಡಲು ಕಾಣುತ್ತೆ, ಕಡಲ ಬಂಡೆಯಿಂದ ಕುದುರೆಮುಖ ಕಾಣುತ್ತಾ?

ಭದ್ರೆದಂಡೆ, ಕಳಸ
ಸೆಪ್ಟೆಂಬರ್ 24

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ನಮ್ಮ ಅಪ್ಪಯ್ಯನಿಗೆ ಈಗ 74. ಹುಟ್ಟಿ ಬೆಳೆದಿದ್ದು ಸಂಸೆ ಹತ್ತಿರ. ಪ್ರಾಯದಲ್ಲಿ ಕೆಲವು ವರ್ಷ ಕುದುರೆಮುಖದ ಗಣಿಯಲ್ಲಿ ಕೂಲಿ ಕೆಲಸ, ಆಮೇಲೆ ಪೂರ್ತಿ ಅಡಿಕೆ ತೋಟ. ಕುದುರೆಮುಖದ ತುದಿಗೆ ಎಷ್ಟು ಸಲ ಹತ್ತಿದ್ದಾರೋ ಲೆಕ್ಕ ಇಲ್ಲ. ಮಳೆ ಮುಗಿದು ಆಕಾಶ ತೊಳೆದಿಟ್ಟ ಹಾಗಿರುವ ದಿನ ಅಲ್ಲಿಂದ ಪಡುವಣಕ್ಕೆ ಒಂದು ಬೆಳ್ಳಿ ಗೆರೆ ಕಾಣುತ್ತದೆ. ಅದೇ ಕಡಲು. ನಾನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು.

ಆದರೆ ಅವರು ಕಡಲ ಹತ್ತಿರ ಒಮ್ಮೆಯೂ ಹೋಗಿಲ್ಲ. ಉಡುಪಿ ಮಠಕ್ಕೆ ಹೋಗಿದ್ದಾರೆ, ಮಂಗಳೂರಿಗೆ ಆಸ್ಪತ್ರೆಗೆ ಹೋಗಿದ್ದಾರೆ. ಪ್ರತಿ ಸಲವೂ ಕೊನೆ ಬಸ್ಸು, ಹಾಲು ಕರೆಯೋದು, ತೋಟಕ್ಕೆ ನೀರು ಅಂತ ಅವತ್ತೇ ಓಡಿ ಬಂದಿದ್ದಾರೆ. ಮೊನ್ನೆ ಊಟಕ್ಕೆ ಕೂತಾಗ ಒಂದು ಮಾತು ಹೇಳಿದರು. "ಇಲ್ಲಿಂದ ಅದು ಕಾಣ್ತದಲ್ಲ, ಅಲ್ಲಿಂದ ಇದು ಹೇಗೆ ಕಾಣ್ತದೋ ಒಂದ್ಸಲ ನೋಡಬೇಕಿತ್ತು." ಹೇಳಿ ಮಜ್ಜಿಗೆ ಕಲಸಿಕೊಂಡರು. ನನಗೆ ಆಮೇಲೆ ಊಟ ಸೇರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಮರಳಿನ ಬೀಚು ಬೇಡ. ಅಲ್ಲಿ ನಿಂತರೆ ತೆಂಗಿನ ಮರ ಅಡ್ಡ ಬಂದು ಘಟ್ಟ ಕಾಣಲ್ಲ. ಕಡಲಿಗೆ ಚಾಚಿದ ಗುಡ್ಡವೋ ಎತ್ತರದ ಬಂಡೆಯೋ ಇರಬೇಕು. ಮುಂದೆ ನೀರು, ಹಿಂದೆ ತಿರುಗಿದರೆ ನಮ್ಮ ಬೆಟ್ಟ. ಅಪ್ಪಯ್ಯನಿಗೆ ಮಂಡಿ ನೋವಿದೆ, ಆದರೆ ನಿಧಾನಕ್ಕೆ ನಡೆಯುತ್ತಾರೆ. ಅಡಿಕೆಯ ಕೊನೆಕೊಯ್ಲು ಶುರುವಾಗುವ ಮುಂಚೆ ಎರಡು ದಿನ ಬಿಡುವು ಮಾಡಬಹುದು. ಎಲ್ಲಿಗೆ ಕರೆದುಕೊಂಡು ಹೋಗಲಿ?


ಹೇಮಾವತಿ ತೀರ, ಸಕಲೇಶಪುರ
ಸೆಪ್ಟೆಂಬರ್ 24

ಅಕ್ಕಾ, ಬಂಡೆ ಅಂದರೆ ನನಗೆ ಗೋಕರ್ಣವೇ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ರೈಲು ಹಾಸನ, ಸಕಲೇಶಪುರದ ಮೇಲೆಯೇ ಹೋಗುತ್ತದೆ. ರಾತ್ರಿ ನಮ್ಮೂರಲ್ಲಿ ಹತ್ತಿದರೆ ಬೆಳಗ್ಗೆ ಗೋಕರ್ಣ ರೋಡ್. ಘಟ್ಟದ ಸುರಂಗಗಳೆಲ್ಲ ಕತ್ತಲಲ್ಲೇ ಕಳೆದು ಹೋಗುತ್ತವೆ, ಅದೊಂದೇ ಬೇಜಾರು.

ಮಹಾಬಲೇಶ್ವರನ ದರ್ಶನ ಮಾಡಿ ದಕ್ಷಿಣಕ್ಕೆ ನಡೆದರೆ ಒಂದರ ಹಿಂದೆ ಒಂದು ಭೂಶಿರ. ಗುಡ್ಡ ಹತ್ತಿ ಇಳಿದರೆ ಕುಡ್ಲೆ. ಮತ್ತೆ ಹತ್ತಿ ಇಳಿದರೆ ಓಂ ಬೀಚು. ಇನ್ನೊಂದು ಹತ್ತಿದರೆ ಹಾಫ್ ಮೂನ್, ಅದರ ಆಚೆ ಪ್ಯಾರಡೈಸ್. ಕಡಲು ಗುಡ್ಡವನ್ನು ಕಚ್ಚಿ ಕಚ್ಚಿ ತಿಂದ ಹಾಗಿದೆ. ಗುಡ್ಡದ ಮೇಲೆ ಕೆಂಪು ಮುರಕಲ್ಲು, ಒಣ ಹುಲ್ಲು, ನೆರಳು ಕಡಿಮೆ. ಕೆಳಗೆ ನೋಡಿದರೆ ಕರಿಬಂಡೆ, ಬಿಳಿ ನೊರೆ. ಹಾಫ್ ಮೂನ್ ದಾಟಿದ ಮೇಲೆ ದಾರಿ ಕಾಲುದಾರಿಗಿಂತ ಕಿರಿದು. ನೀರು ಜಾಸ್ತಿ ಹೊತ್ತುಕೊಳ್ಳಬೇಕು, ಅಲ್ಲಿ ಬಿಸಿಲು ನಮ್ಮ ಕಡೆಯ ಬಿಸಿಲಲ್ಲ.

ನನಗೆ ಭೂಶಿರಕ್ಕಿಂತ ಅದರ ಬೆನ್ನಿನ ಊರುಗಳು ಮನಸ್ಸಲ್ಲಿ ಉಳಿದವು. ದಕ್ಷಿಣಕ್ಕೆ ತದಡಿಯಲ್ಲಿ ಅಘನಾಶಿನಿ ಕಡಲು ಸೇರುತ್ತಾಳೆ. ಆ ಹೊಳೆಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲ. ಅಳಿವೆಯ ಪಕ್ಕದ ಗಜನಿ ಗದ್ದೆಗಳಲ್ಲಿ ಕಗ್ಗ ಅಂತ ಭತ್ತ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ಸಾಯದ ತಳಿ. ನಾನು ಗದ್ದೆ ಮಾಡುವವನು, ಅದನ್ನು ನೋಡಿ ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಸಾಣಿಕಟ್ಟೆಯ ಉಪ್ಪಿನ ಆಗರ. ಒಂದೇ ಕಡಲ ನೀರಿನ ಪಕ್ಕ ಒಬ್ಬರು ಉಪ್ಪು ತೆಗೆಯುತ್ತಾರೆ, ಇನ್ನೊಬ್ಬರು ಅನ್ನ ತೆಗೆಯುತ್ತಾರೆ.

ನಿಮ್ಮ ತಂದೆಯವರ ಮಂಡಿಗೆ ಪೂರ್ತಿ ನಡಿಗೆ ಕಷ್ಟ. ಓಂ ಬೀಚಿನ ಮೇಲಿನ ಗುಡ್ಡದವರೆಗೆ ಗಾಡಿ ಹೋಗುತ್ತದೆ, ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.


ಪಡುವಣಗಾಳಿ, ಹಾಸನ (ಮೂಲ ಬೈಂದೂರು)
ಸೆಪ್ಟೆಂಬರ್ 25

ಭದ್ರೆದಂಡೆಯವರೇ, ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ನಾವು ದಿನಾ ಘಟ್ಟ ಕಾಣ್ತೇವೆ, ಅಲ್ಲಿಯವರು ನಮ್ಮನ್ನು ನೋಡ್ತಾರೆ ಅಂತ ಯೋಚನೆ ಮಾಡಿರಲೇ ಇಲ್ಲ" ಅಂದರು.

ಗೋಕರ್ಣ ಚಂದವೇ. ಆದರೆ ಅಲ್ಲಿಂದ ಕುದುರೆಮುಖ ಕಾಣಲ್ಲ, ಅದು ತುಂಬ ಉತ್ತರಕ್ಕಾಯಿತು. ನಿಮಗೆ ಎರಡು ಜಾಗ ಹೇಳುತ್ತೇನೆ.

ಮೊದಲನೆಯದು ನಮ್ಮೂರಿನ ಒತ್ತಿನೆಣೆ. ಬೈಂದೂರು ದಾಟಿದ ಕೂಡಲೇ ಹೆದ್ದಾರಿ ಪಕ್ಕದ ಗುಡ್ಡ. ಗಾಡಿ ಮೇಲಿನವರೆಗೂ ಹೋಗುತ್ತದೆ. ಅರಣ್ಯ ಇಲಾಖೆಯ ಕ್ಷಿತಿಜ ನೇಸರ ಧಾಮ ಅಲ್ಲೇ ಇದೆ. ಕೆಳಗೆ ಸೋಮೇಶ್ವರ ದೇವಸ್ಥಾನ, ಹೊಳೆ ಕಡಲು ಸೇರುವ ಜಾಗ, ಉದ್ದಕ್ಕೆ ದಂಡೆ. ಬೆನ್ನ ಹಿಂದೆ ಘಟ್ಟದ ಸಾಲು. ಆದರೆ ಅಲ್ಲಿ ಕಾಣುವ ದೊಡ್ಡ ಶಿಖರ ಕೊಡಚಾದ್ರಿ, ನಿಮ್ಮದಲ್ಲ.

ಎರಡನೆಯದು ಕಾಪು. ಕುದುರೆಮುಖಕ್ಕೆ ಅದೇ ಸರಿ. ಭೂಪಟ ತೆಗೆದು ನೋಡಿ, ಎರಡೂ ಹೆಚ್ಚು ಕಡಿಮೆ ಒಂದೇ ಅಡ್ಡಗೆರೆಯಲ್ಲಿವೆ. ನೇರಕ್ಕೆ 60 ಕಿ.ಮೀ. ಕೂಡ ಇಲ್ಲ. ದಂಡೆಯಿಂದ ಕಡಲಿಗೆ ಮೂತಿ ಚಾಚಿದ ಹೆಬ್ಬಂಡೆ, ಅದರ ನೆತ್ತಿಯಲ್ಲಿ 1901ರಲ್ಲಿ ಕಟ್ಟಿದ 27 ಮೀಟರ್ ಎತ್ತರದ ದೀಪಸ್ತಂಭ. ಸಂಜೆ ಹೊತ್ತು ಒಳಗೆ ಬಿಡುತ್ತಾರೆ. ಒಳಗಿನ ಮೆಟ್ಟಿಲು ಸುತ್ತು ಸುತ್ತಾಗಿ ಕಡಿದಾಗಿದೆ. ಮಂಡಿಗೆ ಆಗದಿದ್ದರೆ ಬೇಡ, ದೀಪಸ್ತಂಭದ ಬುಡದವರೆಗೆ ಬಂಡೆಯಲ್ಲೇ ಮೆಟ್ಟಿಲಿದೆ. ಅಲ್ಲಿ ಕೂತರೂ ತೆಂಗಿನ ಮರದ ಮೇಲಿಂದ ಕಾಣಬಹುದು.


ಬೇಲೂರು ಉಳಿ
ಸೆಪ್ಟೆಂಬರ್ 25

ನಡುವೆ ಬಂದೆ, ಕ್ಷಮಿಸಿ. ನಾನು ಕಲ್ಲಿನ ಕೆಲಸದವನು. ನಮ್ಮದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಉಗುರಲ್ಲಿ ಗೀರಿದರೂ ಗೆರೆ ಬೀಳುತ್ತೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಕಡಲ ಪಕ್ಕದ ಮುರಕಲ್ಲೂ ಹಾಗೇ ಅಂತ ಕೇಳಿದ್ದೆ. ಹಾಗಿದ್ದರೆ ಕಡಲು ಅಷ್ಟು ಹೊಡೆದರೂ ಆ ಬಂಡೆಗಳು ಹೇಗೆ ಉಳಿದವು? ಪಕ್ಕದಲ್ಲಿ ಮರಳಿನ ದಂಡೆ, ಇಲ್ಲಿ ಬಂಡೆ, ಯಾಕೆ ಹಾಗೆ?


ಪಡುವಣಗಾಳಿ, ಹಾಸನ (ಮೂಲ ಬೈಂದೂರು)
ಸೆಪ್ಟೆಂಬರ್ 26

ಉಳಿಯವರೇ, ಕ್ಷಮೆ ಯಾಕೆ. ಶಾಲೆಯಲ್ಲಿ ಭೂಗೋಳ ಪಾಠ ಮಾಡುವವನಿಗೆ ಇದನ್ನು ಕೇಳಿದರೆ ಖುಷಿಯೇ.

ಹಲವು ಕಡೆ ಎರಡು ಕಲ್ಲು ಒಂದರ ಮೇಲೊಂದು ಇರುತ್ತವೆ. ಕೆಳಗೆ ಹಳೆಯ ಗಟ್ಟಿ ಬಂಡೆ, ಮೇಲೆ ಮುರಕಲ್ಲಿನ ಟೊಪ್ಪಿ. ಮುರಕಲ್ಲು ಬೇರೆ ಎಲ್ಲಿಂದಲೋ ಬಂದದ್ದಲ್ಲ. ಲಕ್ಷಾಂತರ ವರ್ಷ ಮಳೆ ಬಿಸಿಲು ತಿಂದು ಬಂಡೆಯೇ ಹಾಗಾದದ್ದು. ಕರಗುವುದೆಲ್ಲ ನೀರಲ್ಲಿ ತೊಳೆದು ಹೋಗುತ್ತದೆ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿಯುತ್ತವೆ. ಕೆಂಪು ಬಣ್ಣ ಆ ಕಬ್ಬಿಣದ್ದು. ನೀವು ಹೇಳಿದ್ದು ಸರಿ, ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿಗೆ ಒಣಗಿದರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಕೇರಳದಲ್ಲಿ ಜನ ಇದನ್ನು ಕತ್ತರಿಸಿ ಮನೆ ಕಟ್ಟುವುದು ನೋಡಿ, ಲ್ಯಾಟಿನ್ ಭಾಷೆಯ ಇಟ್ಟಿಗೆ ಅನ್ನುವ ಪದದಿಂದ 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟರು. ನಮ್ಮ ಜಂಬಿಟ್ಟಿಗೆ ಅನ್ನುವ ಪದದಲ್ಲೂ ಇಟ್ಟಿಗೆ ಇದೆ ನೋಡಿ.

ಬಂಡೆ ಯಾಕೆ ಉಳಿಯಿತು ಅಂದರೆ, ಅಲ್ಲಿ ಕಲ್ಲು ಗಟ್ಟಿ ಇತ್ತು. ಪಕ್ಕದ ಮೆತ್ತಗಿನ ನೆಲವನ್ನು ಕಡಲು ಬೇಗ ಕೊರೆಯಿತು, ಅದು ಒಳಕ್ಕೆ ಬಾಗಿ ಕೊಲ್ಲಿಯಾಯಿತು. ಗಟ್ಟಿಯದು ಮೂಗಿನ ಹಾಗೆ ಮುಂದೆ ಉಳಿಯಿತು. ಉಳಿದದ್ದಕ್ಕೆ ಪೆಟ್ಟು ಕಡಿಮೆ ಅಂದುಕೊಳ್ಳಬೇಡಿ. ತೆರೆಗಳು ದಂಡೆಗೆ ಬರುವಾಗ ಆಳ ಕಡಿಮೆ ಇರುವ ಕಡೆಗೆ ಬಾಗುತ್ತವೆ. ಹಾಗೆ ಬಾಗಿ ಎರಡೂ ಬದಿಯಿಂದ ಈ ಮೂಗಿಗೇ ಬಂದು ಗುದ್ದುತ್ತವೆ. ಕೊಲ್ಲಿಯೊಳಗೆ ಅವುಗಳ ಬಲ ಹಂಚಿ ಹೋಗಿ ಮರಳು ಕೂರುತ್ತದೆ. ಬೀಚಲ್ಲಿ ಮಕ್ಕಳು ಆಡುತ್ತಿರುವಾಗಲೇ ನೂರು ಗಜ ಆಚೆ ಬಂಡೆಯ ಮೇಲೆ ನೀರು ಆಳೆತ್ತರ ಹಾರುತ್ತಿರುವುದು ಇದಕ್ಕೇ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತ ಕಲ್ಲಿದೆ. ಅದು ಆರಿದ ಲಾವಾ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ್ದು. ನಮ್ಮ ಘಟ್ಟದ ಕಥೆಯೂ ಅಲ್ಲಿಂದಲೇ ಶುರು. ಬಿರಿದ ನೆಲದ ಎತ್ತರದ ಅಂಚನ್ನು ಮಳೆ, ಹೊಳೆಗಳು ಕೊರೆಯುತ್ತಾ ಪೂರ್ವಕ್ಕೆ ಸರಿಸಿವೆ ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಹಾಗೆ ನೋಡಿದರೆ ಕಾಪುವಿನಿಂದ ಕುದುರೆಮುಖದವರೆಗಿನ ಆ 60 ಕಿಲೋಮೀಟರ್ ಮಳೆ ಮಾಡಿದ ಕೆಲಸ.


ಕಾಫಿಹೂ, ಚಿಕ್ಕಮಗಳೂರು
ಸೆಪ್ಟೆಂಬರ್ 26

ಎಷ್ಟು ಒಳ್ಳೆಯ ಚರ್ಚೆ. ನಾನು ಎರಡೇ ಮಾತು ಸೇರಿಸುತ್ತೇನೆ, ಎರಡನೆಯದು ಮುಖ್ಯ.

ನಮ್ಮ ತೋಟಕ್ಕೂ ಆ ಕಡಲಿಗೂ ಹಳೆಯ ನಂಟು. ಬಾಬಾ ಬುಡನ್ ಏಳು ಕಾಫಿ ಬೀಜ ತಂದರು ಅನ್ನುವ ಕಥೆಯಲ್ಲಿ ಅವು ಬಂದದ್ದು ಅರಬ್ಬಿ ಕಡಲಿನ ಆಚೆ ದಡದ ಯೆಮನ್‌ನಿಂದ. ಈಗಲೂ ನಮ್ಮ ಕಾಫಿ ಮಂಗಳೂರಿನಿಂದ ಹಡಗು ಹತ್ತುತ್ತದೆ. ಮಾನ್ಸೂನ್ಡ್ ಮಲಬಾರ್ ಅಂತ ಒಂದು ಬಗೆ ಇದೆ. ಮಳೆಗಾಲದಲ್ಲಿ ಕರಾವಳಿಯ ಗೋದಾಮಲ್ಲಿ ಬೀಜ ಹರಡಿ, ಕಡಲ ಕಡೆಯಿಂದ ಬರುವ ತೇವದ ಗಾಳಿಗೆ ವಾರಗಟ್ಟಲೆ ಬಿಡುತ್ತಾರೆ. ಬೀಜ ಊದಿ, ಹಸಿರು ಹೋಗಿ ಹಳದಿ ಬಿಳುಪಿಗೆ ತಿರುಗುತ್ತದೆ, ಹುಳಿ ಕಡಿಮೆಯಾಗುತ್ತದೆ. ಹಿಂದೆ ಹಾಯಿ ಹಡಗಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಹೋಗುವಾಗ ತಾನಾಗಿ ಆಗುತ್ತಿದ್ದ ರುಚಿ ಅದು.

ಎರಡನೆಯ ಮಾತು. ನಾಲ್ಕು ವರ್ಷದ ಹಿಂದೆ ನಾವು ಮನೆಯವರೆಲ್ಲ ಗೋಕರ್ಣದ ಹತ್ತಿರದ ಒಂದು ಭೂಶಿರಕ್ಕೆ ಹೋಗಿದ್ದೆವು. ನನ್ನ ತಮ್ಮ ಫೋಟೋಗೆ ಅಂತ ಕೆಳಗಿನ ಬಂಡೆಗೆ ಇಳಿದ. ಬಂಡೆ ಒಣಗಿದ ಹಾಗೇ ಕಾಣುತ್ತಿತ್ತು. ಕಪ್ಪು ಪಾಚಿ, ಕಾಲಿಟ್ಟ ತಕ್ಷಣ ಜಾರಿತು. ಮುಂಗೈ ಮುರಿಯಿತು. ಬಿದ್ದದ್ದು ಒಳಬದಿಗೆ, ಅದಕ್ಕೇ ಇವತ್ತು ನಮ್ಮ ಜೊತೆ ಇದ್ದಾನೆ. ಹೊರಬದಿಗೆ ಬಿದ್ದಿದ್ದರೆ ಅನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಮಾತಾಡಲ್ಲ.

ದಯವಿಟ್ಟು ಕೇಳಿ. ನಾವು ಮಲೆನಾಡಿನವರು, ಬಂಡೆ ಹತ್ತುವುದು ನಮಗೆ ಗೊತ್ತು ಅಂದುಕೊಳ್ಳುತ್ತೇವೆ. ಕಡಲ ಬಂಡೆ ಬೇರೆ. ಹತ್ತು ತೆರೆ ಸಣ್ಣದು ಬಂದು ಹನ್ನೊಂದನೆಯದು ನೀವು ನಿಂತ ಜಾಗದ ಮೇಲೆಯೇ ಬರಬಹುದು. ಬಂಡೆಯ ಯಾವ ಭಾಗ ಕಪ್ಪಗೆ, ಹಸಿರಾಗಿ, ಚಿಪ್ಪು ಅಂಟಿಕೊಂಡು ಇದೆಯೋ ಅಲ್ಲಿಯವರೆಗೆ ನೀರು ಬರುತ್ತದೆ ಅಂತಲೇ ಅರ್ಥ. ಅದರಿಂದ ಮೇಲೆ ಇರಿ.


ಪಡುವಣಗಾಳಿ, ಹಾಸನ (ಮೂಲ ಬೈಂದೂರು)
ಸೆಪ್ಟೆಂಬರ್ 26

ಕಾಫಿಹೂ ಅವರು ಬರೆದದ್ದನ್ನು ಎರಡು ಸಲ ಓದಿ. ನಮ್ಮೂರ ಮೀನುಗಾರರು ಬಂಡೆಗೆ ಇಳಿಯುವ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ನಿಂತು ತೆರೆ ನೋಡುತ್ತಾರೆ. ಹುಟ್ಟಿದಾಗಿನಿಂದ ನೋಡಿದವರೇ ಹಾಗೆ ಮಾಡುತ್ತಾರೆ.

ಈಜುವವರಿಗೂ ಒಂದು ಮಾತು. ಬಂಡೆಯ ಪಕ್ಕಕ್ಕೇ ತೆರೆ ಏಳದೆ ಶಾಂತವಾಗಿ ಕಾಣುವ ಪಟ್ಟಿ ಇದ್ದರೆ ಅಲ್ಲಿ ಇಳಿಯಲೇಬೇಡಿ. ದಂಡೆಗೆ ಬಂದ ನೀರು ವಾಪಸ್ ಹೋಗುವ ದಾರಿ ಅದು, ಎಳೆದುಕೊಂಡು ಹೋಗುತ್ತದೆ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಜೋರು. ಏನಾದರೂ ಆದರೆ ನೀವು ನೀರಿಗೆ ಹಾರಬೇಡಿ, 112ಕ್ಕೆ ಕರೆ ಮಾಡಿ, ದಂಡೆಯ ಮೀನುಗಾರರನ್ನು ಕೂಗಿ.


ಘಟ್ಟದ ಸ್ಟೇರಿಂಗ್, ಮೂಡಿಗೆರೆ
ಸೆಪ್ಟೆಂಬರ್ 27

ದಾರಿ ನಾನು ಹೇಳ್ತೀನಿ. ಕಳಸದಿಂದ ಸಂಸೆ, ಕುದುರೆಮುಖ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಗಡಿ), ಮಾಳ, ಬಜಗೋಳಿ, ಕಾರ್ಕಳ. ಅಲ್ಲಿಂದ ಬೆಳ್ಮಣ್, ಪಡುಬಿದ್ರಿ, ಕಾಪು. ನೂರು ಚಿಲ್ಲರೆ ಕಿಲೋಮೀಟರ್. ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಲ್ಲಿ ಸಮಯ ಬರೆದ ಚೀಟಿ ಕೊಡ್ತಾರೆ, ಕಾಡೊಳಗೆ ನಿಲ್ಲಿಸೋ ಹಾಗಿಲ್ಲ. ಕತ್ತಲಾದ ಮೇಲೆ ಆ ದಾರಿ ನೆಚ್ಚಿಕೊಳ್ಳಬೇಡಿ. ನಮ್ಮ ಮೂಡಿಗೆರೆ ಕಡೆಯವರಿಗೆ ಚಾರ್ಮಾಡಿ, ಹಾಸನದವರಿಗೆ ಶಿರಾಡಿ, ಕೊಪ್ಪ ಶೃಂಗೇರಿಯವರಿಗೆ ಆಗುಂಬೆಯೂ ಆಗುತ್ತೆ. ಯಾವ ಘಟ್ಟ ಆದರೂ ಹಿಂದಿನ ದಿನ ರಸ್ತೆ ತೆರೆದಿದೆಯಾ ಕೇಳಿಕೊಂಡೇ ಹೊರಡಿ. ವಯಸ್ಸಾದವರಿಗೆ ಇಳಿಯುವಾಗ ಕಿವಿ ಕಟ್ಟುತ್ತೆ, ಬಾಯಿಗೆ ಒಂದು ಪೆಪ್ಪರಮೆಂಟ್ ಕೊಡಿ.


ಕೊಪ್ಪದ ಮೇಷ್ಟ್ರು
ಸೆಪ್ಟೆಂಬರ್ 28

ಮಗಳೇ, ನಾನು ನಿವೃತ್ತ ಗಣಿತ ಮೇಷ್ಟ್ರು. ಕೂತು ಲೆಕ್ಕ ಹಾಕಿದೆ. ಕುದುರೆಮುಖದ ಎತ್ತರ 1,894 ಮೀಟರ್. ಅಷ್ಟು ಎತ್ತರದಿಂದ ದಿಗಂತ ಸುಮಾರು 155 ಕಿ.ಮೀ. ದೂರ. ಅಂದರೆ ದಡದಿಂದ ಆಚೆಗೂ ನೂರು ಕಿಲೋಮೀಟರಿನಷ್ಟು ಕಡಲು ನಿಮ್ಮ ತಂದೆಯವರ ಕಣ್ಣಿಗೆ ಬಿದ್ದಿರಬಹುದು. ಅದೇ ಲೆಕ್ಕ ತಿರುಗಿಸಿದರೆ, ಅಷ್ಟು ದೂರದ ಹಡಗಿನವರಿಗೂ ಶಿಖರದ ತುದಿ ಕಾಣಬೇಕು. ಕುದುರೆಯ ಮುಖ ಅನ್ನುವ ಹೆಸರು ಕಡಲ ಕಡೆಯಿಂದ ನೋಡಿದ ಆಕಾರಕ್ಕೆ ಬಂದದ್ದು. ಘಟ್ಟದ ಮೇಲಿನವರು ಹಿಂದೆ ಅದನ್ನು ಸಂಸೆ ಪರ್ವತ ಅನ್ನುತ್ತಿದ್ದರು, ಸಂಸೆಯಿಂದ ಹತ್ತುವ ಬೆಟ್ಟ ಅಂತ. ತಂದೆಯವರನ್ನು ಕೇಳಿ ನೋಡಿ, ಅವರಿಗೆ ಗೊತ್ತಿರಬಹುದು.

ಕಾಪುವಿನಲ್ಲಿ ನಿಂತಾಗ ನೇರ ಪೂರ್ವಕ್ಕೆ, ಸ್ವಲ್ಪ ಬಲಕ್ಕೆ ನೋಡಿ. ತುಂಬ ದೊಡ್ಡದಾಗಿ ಕಾಣುತ್ತದೆ ಅಂದುಕೊಳ್ಳಬೇಡಿ. ಕೈ ಚಾಚಿ ಹೆಬ್ಬೆರಳು ಅಡ್ಡ ಹಿಡಿದರೆ ಅದರ ದಪ್ಪಕ್ಕಿಂತ ಕಡಿಮೆ ಎತ್ತರ.

ಬೆಳಗ್ಗೆ ಹೋಗಬೇಡಿ. ಆಗ ಸೂರ್ಯ ಬೆಟ್ಟದ ಹಿಂದೆ ಇರುತ್ತಾನೆ, ಬರೀ ನೆರಳು ಕಾಣುತ್ತದೆ. ಸಂಜೆ ಬಿಸಿಲು ಕಡಲ ಕಡೆಯಿಂದ ಹೋಗಿ ಘಟ್ಟದ ಮೇಲೆ ಬೀಳುತ್ತದೆ. ಎಲ್ಲರೂ ಸೂರ್ಯ ಮುಳುಗುವುದನ್ನು ನೋಡುತ್ತಿರುವಾಗ ನೀವು ಬೆನ್ನು ತಿರುಗಿಸಿ ನಿಲ್ಲಿ. ಮಳೆ ಬಂದು ಬಿಟ್ಟ ದಿನವಾದರೆ ಇನ್ನೂ ಒಳ್ಳೆಯದು.


ಭದ್ರೆದಂಡೆ, ಕಳಸ
ಸೆಪ್ಟೆಂಬರ್ 28

ಮೇಷ್ಟ್ರೇ, ಕೇಳಿದೆ. "ಸಂಸೆ ಪರ್ವತ ಅಂತ ನಮ್ಮ ಅಜ್ಜ ಹೇಳ್ತಿದ್ದರು. ನಿನಗೆ ಯಾರು ಹೇಳಿದ್ದು?" ಅಂತ ನನ್ನನ್ನೇ ಕೇಳಿದರು. ಹೊರಡುವುದು ಗಟ್ಟಿಯಾಯಿತು. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಹೋಗಿ ಬಂದು ಬರೆಯುತ್ತೇನೆ.


ಭದ್ರೆದಂಡೆ, ಕಳಸ
ಅಕ್ಟೋಬರ್ 19

ಹೋಗಿ ಬಂದೆವು. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಳಗ್ಗೆ ಆರೂವರೆಗೆ ಹೊರಟೆವು. ನಾನು, ಅಪ್ಪಯ್ಯ, ನನ್ನ ಅಣ್ಣ. ಕುದುರೆಮುಖ ಪೇಟೆ ದಾಟುವಾಗ ಅಪ್ಪಯ್ಯ ಖಾಲಿ ಕ್ವಾರ್ಟರ್ಸ್‌ಗಳನ್ನು ನೋಡುತ್ತಾ ಮಾತು ಶುರು ಮಾಡಿದರು. ಅದಿರನ್ನು ಪುಡಿ ಮಾಡಿ ನೀರಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಕಳಿಸುತ್ತಿದ್ದರಂತೆ. 2005ರ ಕೊನೆಗೆ ಗಣಿ ನಿಂತಿತು. "ನಾವು ಅಗೆದ ಮಣ್ಣು ಕಡಲಿಗೆ ಹೋಯ್ತು, ಹಡಗು ಹತ್ತಿತು" ಅಂದರು. ಮುಂದೆ ಏನೂ ಹೇಳಲಿಲ್ಲ, ಕಿಟಕಿ ಆಚೆ ನೋಡುತ್ತಿದ್ದರು.

ಗಂಗಾಮೂಲದ ಹತ್ತಿರ ಬಂದಾಗ ನನಗೊಂದು ಪ್ರಶ್ನೆ ಬಂತು. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವುದು ಆ ಗುಡ್ಡಗಳಲ್ಲೇ ಅಲ್ವಾ. ನೇತ್ರಾವತಿ ಪಡುವಣಕ್ಕೆ ಇಳಿದು ಉಳ್ಳಾಲದ ಹತ್ತಿರ ಕಡಲು ಸೇರುತ್ತಾಳೆ. ನಮ್ಮ ಮನೆ ಮುಂದೆ ಹರಿಯುವ ಭದ್ರೆ ಮಾತ್ರ ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಆಮೇಲೆ ಕೃಷ್ಣೆಯಾಗಿ ಆಂಧ್ರದಾಚೆಯ ಕಡಲಿಗೆ ಹೋಗುತ್ತಾಳೆ. ಅಪ್ಪಯ್ಯನಿಗೆ ಹೇಳಿದೆ. "ಹಾಗಾದ್ರೆ ಇವತ್ತು ನೋಡೋದು ನಮ್ಮ ಹೊಳೆಯ ಕಡಲಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮಳೆ ಬರೋದು ಮಾತ್ರ ಇಲ್ಲಿಂದಲೇ" ಅಂತ ತಾವೇ ಸೇರಿಸಿದರು.

ಮಾಳ ಘಟ್ಟ ಇಳಿಯುವಾಗ ಸ್ಟೇರಿಂಗ್ ಅಣ್ಣ ಹೇಳಿದ ಪೆಪ್ಪರಮೆಂಟ್ ಕೆಲಸ ಮಾಡಿತು. ಕಾರ್ಕಳದಲ್ಲಿ ಬನ್ಸ್ ತಿಂದೆವು. ಸೆಕೆಗೆ ಅಪ್ಪಯ್ಯ ಸ್ವೆಟರ್ ತೆಗೆದರು. ಮಧ್ಯಾಹ್ನ ಉಡುಪಿಯಲ್ಲಿ ರೂಮು ಮಾಡಿ, ನಾಲ್ಕು ಗಂಟೆಗೆ ಕಾಪು.

ಗಾಡಿಯಿಂದ ಇಳಿದು ಅಪ್ಪಯ್ಯ ಮೊದಲು ನಿಂತು ಕೇಳಿಸಿಕೊಂಡರು. ನೋಡಲಿಲ್ಲ, ಕೇಳಿಸಿಕೊಂಡರು. "ಇದು ಆಷಾಢದಲ್ಲಿ ನಮ್ಮ ಗುಡ್ಡಕ್ಕೆ ಗಾಳಿ ಬಡಿಯುವ ಸದ್ದು" ಅಂದರು. ಆಮೇಲೆ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಮರಳಲ್ಲಿ ನಡೆದು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಂದು ಹನಿ ನಾಲಿಗೆಗೆ ಇಟ್ಟುಕೊಂಡರು. ಮುಖ ಹಿಂಡಿತು.

ಬಂಡೆಯ ಮೆಟ್ಟಿಲು ಹತ್ತಲು ಕಾಲು ಗಂಟೆ ಹಿಡಿಯಿತು. ಕೈ ಹಿಡಿದುಕೊಂಡೇ ಹತ್ತಿಸಿದೆವು. ಬಂಡೆಯ ಬುಡದಲ್ಲಿ ಪಾಚಿ, ಚಿಪ್ಪಿನ ಗೆರೆ ಎಲ್ಲಿಯವರೆಗೆ ಇದೆ ಅಂತ ಕಾಫಿಹೂ ಅವರು ಹೇಳಿದ ಹಾಗೆ ಮೊದಲೇ ನೋಡಿಕೊಂಡಿದ್ದೆ. ಪಡುವಣದ ಕಡೆ ಒಂದೊಂದು ತೆರೆ ಬಂದು ಬಡಿದಾಗ ಹೊಟ್ಟೆಯೊಳಗೆ ಗುದ್ದಿದ ಹಾಗೆ ಆಗುತ್ತಿತ್ತು. ಪಕ್ಕದ ದಂಡೆಯಲ್ಲಿ ಅದೇ ನೀರು ಮೆಲ್ಲಗೆ ಹಾಸಿಕೊಂಡು ಹಿಂದೆ ಹೋಗುತ್ತಿತ್ತು. ಮೇಲೆ ಒಂದು ಗರುಡ ರೆಕ್ಕೆ ಆಡಿಸದೆ ಗಾಳಿಯಲ್ಲೇ ನಿಂತಿತ್ತು.

ತಿರುಗಿ ನೋಡಿದರೆ ಘಟ್ಟ ಇಲ್ಲ. ಬಿಳಿ ಮೋಡದ ಗೋಡೆ. ಕತ್ತಲಾಗುವವರೆಗೆ ಕಾದೆವು. ದೀಪ ಹತ್ತಿತು. ಅಪ್ಪಯ್ಯ "ಇರಲಿ ಬಿಡು, ಕಡಲು ನೋಡಿಯಾಯ್ತಲ್ಲ" ಅಂದರು. ಅವರು ಯಾವಾಗಲೂ ಹೀಗೆಯೇ, ಸಿಕ್ಕಿದ್ದು ಸಾಕು ಅಂದುಬಿಡುತ್ತಾರೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹನ್ನೊಂದರ ಹೊತ್ತಿಗೆ ಗುಡುಗು ಮಳೆ ಶುರುವಾಯಿತು.

ಮರುದಿನ ಮಧ್ಯಾಹ್ನವೇ ಊರಿಗೆ ಹೊರಡಬೇಕಿತ್ತು. ಅದಕ್ಕೆ ಕತ್ತಲಿರುವಾಗಲೇ ಎದ್ದು ಒತ್ತಿನೆಣೆಗೆ ಹೋದೆವು. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ನಮ್ಮ ಗಾಡಿ. ಅಪ್ಪಯ್ಯನಿಗೆ ಯಾವ ಕಿಟಕಿ ನೋಡುವುದು ಅಂತ ತಿಳಿಯದೆ ಎರಡೂ ಕಡೆ ತಲೆ ತಿರುಗಿಸುತ್ತಿದ್ದರು.

ಒತ್ತಿನೆಣೆಯ ಬಗ್ಗೆ ಪಡುವಣಗಾಳಿಯವರು ಕಡಿಮೆಯೇ ಹೇಳಿದ್ದಾರೆ. ಮಳೆ ನಿಂತ ಬೆಳಗು, ಕೆಂಪು ಕಲ್ಲಿನ ಬಯಲೆಲ್ಲ ಒದ್ದೆ. ಕಲ್ಲಿನ ಗುಳಿಗಳಲ್ಲಿ ನೀರು ನಿಂತು, ಅದರ ಅಂಚಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ನೀಲಿ ಹೂಗಳು ಇನ್ನೂ ಉಳಿದಿದ್ದವು. ಕೆಳಗೆ ಹೊಳೆ ಬಾಗಿ ಬಂದು ಕಡಲು ಸೇರುವ ಕಡೆ ನೀರಿನ ಬಣ್ಣ ಎರಡಾಗಿತ್ತು, ಮಳೆಯ ಕೆಸರು ಒಂದು ಕಡೆ, ಕಡಲ ಹಸಿರು ಇನ್ನೊಂದು ಕಡೆ. ಎರಡೂ ಬೆರೆಯದೆ ತುಂಬ ದೂರ ಜೊತೆಗೇ ಹೋಗುತ್ತಿದ್ದವು. ಹಿಂದಕ್ಕೆ ತಿರುಗಿದರೆ ಘಟ್ಟ ಪೂರ್ತಿ ಬಿಚ್ಚಿಕೊಂಡಿತ್ತು. ಬೆಳಗಿನ ಹೊತ್ತಲ್ವಾ, ಮೇಷ್ಟ್ರು ಹೇಳಿದ ಹಾಗೆ ಬರೀ ನೀಲಿ ನೆರಳು. ಆದರೂ ಒಂದೇ ಒಂದು ಮೋಡ ಇಲ್ಲ.

ಅಪ್ಪಯ್ಯ ಬಹಳ ಹೊತ್ತು ಆ ಸಾಲು ನೋಡಿದರು. ಆಮೇಲೆ ಅಣ್ಣನ ಕಡೆ ತಿರುಗಿ, "ಪಕ್ಕದ ಮನೆಗೆ ಫೋನ್ ಮಾಡು. ಇವತ್ತೊಂದು ರಾತ್ರಿ ದನ ಅವರು ಕರೀಲಿ" ಅಂದರು.

ನಾನು ಹುಟ್ಟಿದ ಮೇಲೆ ಅವರ ಬಾಯಲ್ಲಿ ಇಂಥ ಮಾತು ಕೇಳಿದ್ದು ಇದೇ ಮೊದಲು.

ಎಂಬತ್ತು ಚಿಲ್ಲರೆ ಕಿಲೋಮೀಟರ್ ವಾಪಸ್ ಬಂದು ಸಂಜೆ ಮತ್ತೆ ಕಾಪು. ಅದೇ ಬಂಡೆ, ಅದೇ ಮೆಟ್ಟಿಲು. ಈ ಸಲ ಜನ ಜಾಸ್ತಿ ಇದ್ದರು. ಎಲ್ಲರ ಮುಖ ಪಡುವಣಕ್ಕೆ. ನಾವು ಮೂವರು ಮಾತ್ರ ಮೂಡಣಕ್ಕೆ ತಿರುಗಿ ಕೂತೆವು. ಒಂದು ಮಗು ಬಂದು "ಅಜ್ಜ, ಸೂರ್ಯ ಆ ಕಡೆ" ಅಂತ ಹೇಳಿ ಹೋಯಿತು.

ತೆಂಗಿನ ತೋಟ, ಅದರ ಮೇಲೆ ಕಾಡು, ಅದರ ಮೇಲೆ ಬೂದು ಪದರ, ಅದರ ಮೇಲೆ ಘಟ್ಟ. ಐದೂವರೆ ಹೊತ್ತಿಗೆ ಬಿಸಿಲು ನೇರವಾಗಿ ಅದರ ಮೇಲೆ ಬಿತ್ತು. ನೀಲಿ ಇದ್ದದ್ದು ನಿಧಾನಕ್ಕೆ ಕಂದಾಗಿ, ಕಣಿವೆಗಳ ಗೆರೆ ಒಂದೊಂದಾಗಿ ಎದ್ದು ಬಂದವು. ನಾನು ಬೈನಾಕುಲರ್ ಹಿಡಿದು ಹುಡುಕುತ್ತಿದ್ದೆ. ಅಪ್ಪಯ್ಯ ಬರಿಗಣ್ಣಲ್ಲೇ ಕೈ ಚಾಚಿ ಹೆಬ್ಬೆರಳು ಅಡ್ಡ ಹಿಡಿದರು. "ಅಗೋ" ಅಂದರು.

ಮೇಷ್ಟ್ರ ಲೆಕ್ಕ ಸರಿ. ಹೆಬ್ಬೆರಳಿನ ಹಿಂದೆ ಮುಚ್ಚಿಹೋಗುವಷ್ಟೇ ಎತ್ತರ. ಆದರೆ ಆಕಾರ ಸ್ಪಷ್ಟ ಇತ್ತು. ಹಣೆ, ಉದ್ದ ಮೂಗು, ಇಳಿದ ದವಡೆ.

"ಹೆಸರಿಟ್ಟವರು ಇಲ್ಲಿ ನಿಂತಿರಬೇಕು" ಅಂದರು ಅಪ್ಪಯ್ಯ. "ನಮ್ಮ ಕಡೆಯಿಂದ ಇದು ಕುದುರೆ ಅಲ್ಲವೇ ಅಲ್ಲ. ಹತ್ತುವ ಗುಡ್ಡ." ಆಮೇಲೆ ಒಂದೊಂದೇ ಬಾಗು ತೋರಿಸುತ್ತಾ ಹೋದರು. ಆ ತಗ್ಗಿನ ಆಚೆ ಹುಲ್ಲುಗಾವಲು, ಅಲ್ಲಿ ಒಂದ್ಸಲ ಕರು ಕಳೆದು ಎರಡು ದಿನ ಹುಡುಕಿದ್ದು. ಆ ಏಣಿನ ಕೆಳಗೆ ಶೋಲಾ ಕಾಡು, ಅಲ್ಲಿಂದಲೇ ನಮಗೆ ನೀರು. ನನ್ನನ್ನು ಹೊತ್ತು ಕಡಲು ತೋರಿಸಿದ ಜಾಗ. ಇದೆಲ್ಲ ಅಷ್ಟು ದೂರಕ್ಕೆ ಕಾಣುವುದು ಸಾಧ್ಯವಿಲ್ಲ, ನನಗೆ ಗೊತ್ತು. ಅವರಿಗೆ ಕಾಣುತ್ತಿತ್ತು.

ಬಿಸಿಲು ಬೆಟ್ಟದ ಬುಡದಿಂದ ಮೇಲಕ್ಕೆ ಸರಿಯಿತು. ಕೊನೆಗೆ ತುದಿಯಲ್ಲಿ ಮಾತ್ರ ಒಂದು ಚೂರು ಉಳಿದು ಅದೂ ಹೋಯಿತು. ಹಿಂದೆ ಜನ ಚಪ್ಪಾಳೆ ತಟ್ಟಿದಾಗಲೇ ಸೂರ್ಯ ಮುಳುಗಿದ್ದು ನಮಗೆ ಗೊತ್ತಾದದ್ದು.


ಪಡುವಣಗಾಳಿ, ಹಾಸನ (ಮೂಲ ಬೈಂದೂರು)
ಅಕ್ಟೋಬರ್ 19

ಅಮ್ಮನಿಗೆ ಫೋನಲ್ಲಿ ಪೂರ್ತಿ ಓದಿ ಹೇಳಿದೆ. ಮುಂದಿನ ಸಲ ಒತ್ತಿನೆಣೆಗೆ ಬಂದರೆ ನಮ್ಮ ಮನೆಯಲ್ಲೇ ಉಳಿಯಬೇಕಂತೆ. ನೀರುದೋಸೆ ಮಾಡಿ ಹಾಕುತ್ತಾರಂತೆ. ಎರಡು ಬಣ್ಣದ ನೀರು ನೀವು ನೋಡಿದ್ದು ನಿಮ್ಮ ಅದೃಷ್ಟ, ರಾತ್ರಿ ಜೋರು ಮಳೆ ಬಂದ ಮರುದಿನವೇ ಹಾಗೆ ಕಾಣುವುದು.


ಕೊಪ್ಪದ ಮೇಷ್ಟ್ರು
ಅಕ್ಟೋಬರ್ 20

ಹೆಬ್ಬೆರಳಿನ ವಿಷಯ ಓದಿ ಕನ್ನಡಕ ತೆಗೆದು ಒರೆಸಿಕೊಂಡೆ. ತಂದೆಯವರಿಗೆ ನನ್ನ ನಮಸ್ಕಾರ ಹೇಳಮ್ಮ.


ಬೇಲೂರು ಉಳಿ
ಅಕ್ಟೋಬರ್ 20

ಅಕ್ಕಾ, ನಮ್ಮ ಅವ್ವನಿಗೆ 68. ಅವರೂ ಕಡಲು ನೋಡಿಲ್ಲ. ಮುಂದಿನ ವಾರ ಶಿರಾಡಿ ಇಳಿದು ಹೋಗೋಣ ಅಂತಿದ್ದೀವಿ. ಆ ಬೈನಾಕುಲರ್ ಎರಡು ದಿನಕ್ಕೆ ಸಿಗುತ್ತಾ? ನಾನೇ ಕಳಸಕ್ಕೆ ಬಂದು ತಗೊಂಡು ಹೋಗ್ತೀನಿ.


ಭದ್ರೆದಂಡೆ, ಕಳಸ
ಅಕ್ಟೋಬರ್ 20

ಖಂಡಿತ ಬನ್ನಿ. ಬೆಳಗ್ಗೆ ಹತ್ತರ ಒಳಗೆ ಬಂದರೆ ಅಪ್ಪಯ್ಯ ಮನೆಯಲ್ಲೇ ಇರುತ್ತಾರೆ, ಆಮೇಲೆ ತೋಟ. ಬಂಡೆಯ ಮೇಲೆ ಎಲ್ಲಿ ಕೂತರೆ ತೆಂಗಿನ ಮರ ಅಡ್ಡ ಬರಲ್ಲ ಅಂತ ಅವರೇ ಹೇಳುತ್ತಾರಂತೆ. ಅವ್ವನನ್ನೂ ಕರೆದುಕೊಂಡು ಬನ್ನಿ, ಊಟ ಮಾಡಿಕೊಂಡು ಹೋಗುವಿರಂತೆ.